ಸಾರ್ಟರ್ ಮಾಮ ವಿಂಗಡಿಸಿದ ಟಪಾಲು

ಕಾಗದದ ಮೇಲಿನ ಹೆಸರು ನೋಡಿ ವಿಂಗಡಿಸುವವನು ಹೊಸಬ, ಕೊನೆಯ ಸಾಲು ನೋಡಿ ವಿಂಗಡಿಸುವವನು ಸಾರ್ಟರ್. ಇದು ಸಾರ್ಟರ್ ಮಾಮ ದಿನಕ್ಕೊಮ್ಮೆಯಾದರೂ ಹೇಳುವ ಮಾತು. ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ ದುಡಿಯುವ ವಯಸ್ಸನ್ನೆಲ್ಲ ನಿಂತೇ ಕಳೆದವರು ಅವರು. ವಿಳಾಸದ ತಳದಲ್ಲಿ ಊರು, ಅದರ ಮೇಲೆ ಬೀದಿ, ಎಲ್ಲಕ್ಕಿಂತ ಮೇಲೆ ಮನುಷ್ಯ. ಆದ್ದರಿಂದ ಕೆಳಗಿನಿಂದ ಓದಬೇಕು, ಮನುಷ್ಯನನ್ನು ಕಟ್ಟಕಡೆಗೆ ನೋಡಬೇಕು. ನಿವೃತ್ತರಾದ ಮೇಲೂ ಕಣ್ಣಿಗೆ ಆ ಅಭ್ಯಾಸ ಹೋಗಲಿಲ್ಲ. ಪತ್ರಿಕೆಯನ್ನು ಹಿಂದಿನ ಪುಟದಿಂದ ಓದುವರು. ಬೀದಿಯಲ್ಲಿ ಯಾರಾದರೂ ಎದುರು ಬಂದರೆ ಮೊದಲು ಚಪ್ಪಲಿ ನೋಡಿ, ಆಮೇಲೆ ನಿಧಾನವಾಗಿ ಮುಖದವರೆಗೆ ಬರುವರು.

ಈ ಮಾಮ ಬೀದಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ಒಂದು ಸಭೆಯಲ್ಲಿ ಅವರು, ಇನ್ನು ಮುಂದೆ ನಲ್ಲಿ, ದೀಪ, ಕಸದ ದೂರುಗಳನ್ನೆಲ್ಲ ಚೀಟಿಯಲ್ಲಿ ಬರೆದು ಬಾಗಿಲ ಸಂದಿಯಲ್ಲಿ ತುರುಕಬಾರದು, ಇಮೇಲ್ ಮಾಡಬೇಕು ಎಂದು ಸಾರಿದರು. ಬಂದ ಇಮೇಲನ್ನು ನೋಡಿ, ಯಾರಿಗೆ ಸೇರಬೇಕೋ ಅವರಿಗೆ ದಾಟಿಸುವವರು ಯಾರು ಎಂದು ಕೇಳಿದಾಗ ಸಭೆಯೆಲ್ಲ ಸೀಲಿಂಗ್ ಫ್ಯಾನು ನೋಡಿತು.

ಮಾಮ ಎದ್ದು ನಿಂತರು. “ಮೂಟೆಗಟ್ಟಲೆ ಕಾಗದ ನೋಡಿದ ಕೈ ಇದು. ಗಾಳೀಲಿ ಬರೋ ಕಾಗದಕ್ಕೆ ತೂಕಾನೇ ಇಲ್ಲ. ಅದೇನು ಮಹಾ!”

ಮಹಾ ಏನೆಂಬುದು ಆಮೇಲೆ ತಿಳಿಯಿತು.

ಮನೆಯಲ್ಲೊಂದು ಹಳೆಯ ಕಂಪ್ಯೂಟರ್ ಇತ್ತು. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು, ಹುಷಾರು ಹುಡುಗಿ. ಗುಜರಿಗೆ ಹೋಗಬೇಕಿದ್ದ ಆ ಯಂತ್ರಕ್ಕೆ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿ ಎಬ್ಬಿಸಿ ಕೂರಿಸಿದ್ದಳು. ಅದು ಪುಣ್ಯಾತ್ಮ, ದಣಿಯದೆ ಹೋಗಿ ಸಂಘದ ವಿಳಾಸಕ್ಕೆ ಬಂದ ಟಪಾಲನ್ನೆಲ್ಲ ಹೊತ್ತು ತರುತ್ತಿತ್ತು. ಒಂದು ಫೈಲಿನಲ್ಲಿ ಒಂದರ ಕೆಳಗೊಂದು ನಿಯಮ ಬರೆದಿಟ್ಟರೆ ಸಾಕು. ಯಂತ್ರ ಮೇಲಿನಿಂದ ಓದುತ್ತ ಬಂದು, ಯಾವ ನಿಯಮ ಹೊಂದಿತೋ ಅದು ಹೇಳಿದವರಿಗೆ ಕಳಿಸಿ ಕೈ ತೊಳೆದುಕೊಳ್ಳುವುದು. ಸೊಸೆ ಇದನ್ನೆಲ್ಲ ತಾಳ್ಮೆಯಿಂದ ಹೇಳಿಕೊಟ್ಟಳು.

“ಮಾವ, ಕಳಿಸಿದವರು ಯಾರು, ವಿಷಯ ಏನು ಅನ್ನೋದು ಮೇಲ್ಗಡೇನೇ ಇರುತ್ತೆ. ಅದನ್ನ ನೋಡಿ ನಿಯಮ ಬರೀರಿ.”

“ನೀನು ಮಗು. ನಮ್ಮ ಬೀದಿ ಜನಾನ ನಾನು ನೋಡಿಲ್ವಾ? ಮೇಲಿನ ಹತ್ತು ಸಾಲು ಅಳ್ತಾರೆ, ಕೊನೇ ಸಾಲಲ್ಲಿ ನಲ್ಲಿ ರಿಪೇರಿ ಮಾಡಿಸಿ ಅಂತಾರೆ. ಕೊನೇ ಸಾಲೇ ಸತ್ಯ.”

“ಸರಿ. ಆದ್ರೆ ಕಳಿಸಿದ್ದರ ಒಂದು ನಕಲು ಇಲ್ಲೂ ಉಳಿಸ್ಕೊಳ್ಳಿ.”

“ನಕಲು ಇಟ್ಕೊಳ್ಳೋನು ಪತ್ತೇದಾರ ಕಣಮ್ಮಾ, ಪೋಸ್ಟಿನವನಲ್ಲ. ಕೋಣೆ ಬೀಗ ಹಾಕೋ ಹೊತ್ತಿಗೆ ಒಂದು ಕಾಗದ ಉಳಿದಿರಬಾರದು.”

ಸೊಸೆ ಕೆಲಸಕ್ಕೆ ಹೊರಟುಹೋದಳು. ಮಾಮ ಒಂದೊಂದೇ ಅಕ್ಷರ ಒತ್ತುತ್ತ ನಿಯಮ ಬರೆದರು. ಕೊನೆಯ ಸಾಲಿನಲ್ಲಿ ನಲ್ಲಿ, ಪೈಪು, ಟ್ಯಾಂಕು ಎಂದಿದ್ದರೆ ಪ್ಲಂಬರ್‌ಗೆ. ದೀಪ, ತಂತಿ ಎಂದಿದ್ದರೆ ಎಲೆಕ್ಟ್ರಿಷಿಯನ್‌ಗೆ. ಬೈಗುಳವಿದ್ದರೆ ಅಧ್ಯಕ್ಷರಿಗೆ. ಯಾವುದಕ್ಕೂ ಹೊಂದದ ಕಾಗದಕ್ಕೆ ಏನು ಮಾಡುವುದು? ಅಂಚೆ ಕಚೇರಿಯಲ್ಲಿ ವಾರಸುದಾರರಿಲ್ಲದ ಕಾಗದವನ್ನು ಗಾಜಿನ ಬೋರ್ಡಿನೊಳಗೆ ಸಿಕ್ಕಿಸಿಡುತ್ತಿದ್ದರು, ಕಂಡವರು ಕೇಳಿ ಒಯ್ಯಲಿ ಎಂದು. ಅದೇ ನ್ಯಾಯದಂತೆ ಕಟ್ಟಕಡೆಯ ನಿಯಮ: ಉಳಿದದ್ದೆಲ್ಲ ಬೀದಿಯ ಎಲ್ಲ ಮನೆಗೆ. ಇಷ್ಟೂ ಸಾಲದೆಂದು ದಾಟಿಹೋಗುವ ಪ್ರತಿಯೊಂದು ಕಾಗದದ ನೆತ್ತಿಯ ಮೇಲೆ ಒಂದು ಮೊಹರು: “ಪರಿಶೀಲಿಸಿ ಕಳಿಸಿದವರು: ಕಾರ್ಯದರ್ಶಿ.”

ಮೊದಲ ವಾರ ಮಾಮನದೇ ರಾಜ್ಯ. ಕೆಟ್ಟ ದೀಪ ಉರಿಯಿತು, ಸೋರುವ ನಲ್ಲಿ ನಿಂತಿತು. ಕೂದಲು ಬೆಳೆಯುವ ಎಣ್ಣೆಯ ಜಾಹೀರಾತೊಂದು ಬೀದಿಯ ಪ್ರತಿ ಮನೆಗೂ ಹೋಗಿ, ತಲೆ ಬೋಳಾಗಿದ್ದ ಅಧ್ಯಕ್ಷರು ಅದು ತಮಗೇ ಹೇಳಿದ್ದೆಂದು ಮುನಿಸಿಕೊಂಡದ್ದು ಬಿಟ್ಟರೆ ಬೇರೇನೂ ತೊಂದರೆಯಾಗಲಿಲ್ಲ.

ಇನ್ನು ಮಾಮನ ಹೆಂಡತಿಯ ವಿಷಯ. ಆಕೆಯ ಗಂಟಲು ದೊಡ್ಡದು. ಅಡುಗೆಮನೆಯಲ್ಲಿ ಉಪ್ಪು ಎಲ್ಲಿ ಎಂದು ಕೇಳಿದರೆ ತಿರುವಿನಾಚೆಯ ಅಂಗಡಿಯವನು ಉಪ್ಪಿನ ಪೊಟ್ಟಣ ಕೈಗೆತ್ತಿಕೊಳ್ಳುತ್ತಿದ್ದ. ಬೀದಿಯವರು ಬೆನ್ನ ಹಿಂದೆ ಕಹಳೆಯಮ್ಮ ಎನ್ನುತ್ತಿದ್ದರು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಕಡೆಗೆ ಎಂದು ಮೈಕಿನಲ್ಲಿ ಹೇಳುವ ಕೆಲಸ ಖಾಲಿಯಿದೆ ಎಂದು ಗೊತ್ತಾದ ದಿನ ಆಕೆ ಸೊಸೆಯ ಫೋನಿನಲ್ಲಿ ತನ್ನ ಧ್ವನಿ ತುಂಬಿಸಿ ಅರ್ಜಿ ಹಾಕಿದಳು. ತನ್ನದೆಂಬ ಇಮೇಲ್ ಇರಲಿಲ್ಲವಾದ್ದರಿಂದ ಗಂಡ ನೋಡಿಕೊಳ್ಳುವ ಸಂಘದ ವಿಳಾಸವನ್ನೇ ಕೊಟ್ಟಳು.

“ಏನ್ರೀ, ಬಂತಾ?”

“ಬಂದ್ರೆ ನನ್ನ ಕೈ ದಾಟಿ ಎಲ್ಲಿಗೆ ಹೋಗುತ್ತೆ?” ಎಂದು ಮಾಮ ಪ್ರತಿಸಲವೂ ಹೇಳುತ್ತಿದ್ದರು.

ಒಂದು ಸಂಜೆ ಪ್ಲಂಬರ್ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬೀದಿಯಲ್ಲಿ ಕಾಣಿಸಿಕೊಂಡ. ಯಾರು ಮಾತಾಡಿಸಿದರೂ ಬಾಯಿ ಬಿಡದೆ, ಗಂಟಲು ತೋರಿಸಿ ಕೈ ಆಡಿಸುತ್ತಿದ್ದ. ಹಿಂದೆ ಇಸ್ತ್ರಿಯವನು, ಅವನ ಹಿಂದೆ ಅಧ್ಯಕ್ಷರು, ಅವರ ಹಿಂದೆ ಕೆಲಸವಿಲ್ಲದ ನಾಲ್ಕು ಜನ. ಪ್ಲಂಬರ್ ನೇರವಾಗಿ ಬಂದು ಮಾಮನ ಎರಡೂ ಕೈ ಹಿಡಿದುಕೊಂಡ.

“ಮಾಮ, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯೋಲ್ಲ,” ಎಂದು ಪಿಸುಗುಟ್ಟಿದ.

“ಯಾವ ಉಪಕಾರನಪ್ಪಾ?”

“ನೋಡಿ ದೊಡ್ಡತನ! ಮಾಡಿದ್ದನ್ನೂ ಹೇಳ್ಕೊಳ್ಳೋಲ್ಲ!” ಎಂದ ಇಸ್ತ್ರಿಯವನು. ಪಿಸುಗುಟ್ಟುವುದು ಅವನ ಕೆಲಸವಾಗಿರಲಿಲ್ಲ. “ಬಸ್ ನಿಲ್ದಾಣದ ಮೈಕಿಗೆ ನಮ್ಮ ಪ್ಲಂಬರ್‌ನ ಕರೆದಿದ್ದಾರೆ ಮಾಮ! ನೀವೇ ಶಿಫಾರಸು ಮಾಡಿದ್ದಂತೆ!”

ಒಳಗೆ ತರಕಾರಿ ಹೆಚ್ಚುತ್ತಿದ್ದ ಚಾಕುವಿನ ಸದ್ದು ನಿಂತಿತು.

ಪ್ಲಂಬರ್ ಫೋನು ತೋರಿಸಿದ. “ಮಾನ್ಯ ಅರ್ಜಿದಾರರೇ, ನಿಮ್ಮ ಧ್ವನಿ ನಮಗೆ ಮೆಚ್ಚುಗೆಯಾಗಿದೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೈಕಿನ ಪರೀಕ್ಷೆಗೆ ಬನ್ನಿ,” ಎಂದಿತ್ತು. ಮಾಮನ ಕಣ್ಣು ಅಭ್ಯಾಸದಂತೆ ತಳಕ್ಕೆ ಇಳಿಯಿತು. ಕೊನೆಯ ಸಾಲು: “ಬಸ್ ನಿಲ್ದಾಣದ ಕಚೇರಿ, ನೀರಿನ ಟ್ಯಾಂಕ್ ಎದುರು.”

ಟ್ಯಾಂಕ್! ನೆತ್ತಿಯ ಮೇಲೆ ನೋಡಿದರೆ ಅವರದೇ ಮೊಹರು ನಗುತ್ತಿತ್ತು: ಪರಿಶೀಲಿಸಿ ಕಳಿಸಿದವರು, ಕಾರ್ಯದರ್ಶಿ.

“ನೀನು ಅರ್ಜಿ ಹಾಕಿದ್ದೆಯಾ?” ಎಂದು ಕೇಳಿದರು, ಹುಲ್ಲುಕಡ್ಡಿ ಹಿಡಿದವರಂತೆ.

“ಅರ್ಜಿ ಯಾಕೆ ಮಾಮ? ಹೋದ ತಿಂಗಳು ಅವರ ಕಚೇರಿ ಬಚ್ಚಲಲ್ಲಿ ಪೈಪ್ ಹಾಕ್ತಾ ಹಾಡ್ಕೊಳ್ತಿದ್ದೆ. ಸಾಹೇಬ್ರು ಹೊರಗೆ ನಿಂತು ಕೇಳಿರಬೇಕು. ಮೇಲಿಂದ ನಿಮ್ಮ ಮಾತು ಬೇರೆ ಬಿತ್ತು!”

“ಬೀದಿಗೇ ಗೌರವ,” ಎಂದರು ಅಧ್ಯಕ್ಷರು. “ಕಾರ್ಯದರ್ಶಿಗಳೇ, ನಿಮ್ಮ ಮಾತಿಗೆ ಅಷ್ಟು ಬೆಲೆ ಇದೆ ಅಂತ ನಮಗೇ ಗೊತ್ತಿರಲಿಲ್ಲ.”

ಅಲ್ಲಿಯೇ ಸತ್ಯ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಧ್ಯಕ್ಷರು ಇವರನ್ನು ಹೊಗಳಿದ್ದು ಅದೇ ಮೊದಲು. ಅಷ್ಟು ಜನರೆದುರು ಬಂದ ಹೊಗಳಿಕೆಯನ್ನು ವಾಪಸು ಕಳಿಸುವ ನಿಯಮ ಮಾಮನ ಫೈಲಿನಲ್ಲಿರಲಿಲ್ಲ. “ಏನೋ, ನಮ್ಮ ಕೈಲಾದದ್ದು,” ಎಂದುಬಿಟ್ಟರು.

ಜನ ಕರಗಿದ ಮೇಲೆ ಹೆಂಡತಿ ಹೊರಗೆ ಬಂದಳು. ಕೂಗುತ್ತಾಳೆಂದು ಮಾಮ ಕುರ್ಚಿಯ ಹಿಡಿ ಹಿಡಿದುಕೊಂಡರು. ಆಕೆ ಕೂಗಲಿಲ್ಲ. ಮೆಲ್ಲಗೆ ಮಾತಾಡಿದಳು. ಆ ಮನೆಯ ಗೋಡೆಗಳು ಅಂಥದನ್ನು ಕೇಳಿದ್ದು ಅಂದೇ.

“ನಾನು ಹುಟ್ಟಿದಾಗಿಂದ ಎಲ್ಲರೂ ಮೆಲ್ಲಗೆ ಮಾತಾಡು, ಮೆಲ್ಲಗೆ ಮಾತಾಡು ಅಂದ್ರು. ಜೋರಾಗಿ ಮಾತಾಡಿ ಅಂತ ಕೇಳೋ ಕೆಲಸ ಪ್ರಪಂಚದಲ್ಲಿ ಒಂದೇ ಒಂದು ಕಾಣಿಸಿತ್ತು. ಅದಕ್ಕೆ ನೀವು ಪ್ಲಂಬರ್‌ನ ಶಿಫಾರಸು ಮಾಡಿದ್ರಿ.”

“ಅದು ಹಾಗಲ್ಲ ಕಣೇ...”

“ಹೇಗೆ ಮತ್ತೆ?”

“ಹಾಲು ತರ್ತೀನಿ,” ಎಂದು ಮಾಮ ಚಪ್ಪಲಿ ಮೆಟ್ಟಿದರು. ಕೈ ದಾಟಿ ಎಲ್ಲಿಗೂ ಹೋಗದು ಎಂದು ಅಷ್ಟು ಸಲ ಹೇಳಿದ ಬಾಯಿಂದ ಬಂದದ್ದು ಇಷ್ಟೇ.

ಮರುದಿನ ಬೀದಿ ಒಂದು ಆಶ್ಚರ್ಯ ನೋಡಿತು. ಅಂಗಳದಲ್ಲಿ ಪ್ಲಂಬರ್ ನಿಂತಿದ್ದಾನೆ, ಎದುರಿಗೆ ಕುರ್ಚಿ ಹಾಕಿಕೊಂಡು ಮಾಮನ ಹೆಂಡತಿ ಪಾಠ ಹೇಳುತ್ತಿದ್ದಾಳೆ! ಅವನು ಪೈಪಿನ ತುಂಡೊಂದನ್ನು ಮೈಕಿನಂತೆ ಬಾಯಿಗೆ ಹಿಡಿದಿದ್ದ.

“ನನಗಂತೂ ಆಗಲಿಲ್ಲ. ಹೋಗೋನಾದ್ರೂ ಸರಿಯಾಗಿ ಹೋಗಲಿ. ನಮ್ಮ ಬೀದಿಯಿಂದ ಹೋದೋನು ಹೀಗೆ ಒದರಿದ ಅನ್ನಿಸ್ಕೋಬಾರದು,” ಎಂದಳಂತೆ ಆಕೆ.

“ಪ್ರಯಾಣಿಕರ ಗಮನಕ್ಕೇಏಏ...” ಎಂದು ಪ್ಲಂಬರ್ ಎಳೆದ.

“ನಿಲ್ಲಿಸು! ಬಸ್ ಹೊರಡುತ್ತೆ ಅಂತ ಹೇಳು, ಬಸ್ಸಿಗೆ ಜೋಗುಳ ಹಾಡಬೇಡ.”

“ಎರಡನೇ ಅಂಕಣದಲ್ಲಿ ನಿಂತಿರುವ...”

“ಮೂಗಲ್ಲಿ ಮಾತಾಡಬೇಡ್ವೋ! ಬಸ್ಸಿಗೆ ಶೀತ ಆಗಿದೆ ಅಂತ ಜನ ಹತ್ತೋದೇ ಇಲ್ಲ.”

“ಸಾಕಮ್ಮಾ, ಇಲ್ಲಿಂದಲೇ ಕೂಗಿದ್ರೆ ನಿಲ್ದಾಣಕ್ಕೆ ಕೇಳುತ್ತೆ, ಕರೆಂಟು ಉಳಿಯುತ್ತೆ,” ಎಂದು ಬೇಲಿಯಾಚೆಯಿಂದ ಇಸ್ತ್ರಿಯವನು ಹೇಳಿದ. ಆಕೆ ಒಮ್ಮೆ ನೋಡಿದಳು. ಅವನು ಸುಟ್ಟುಹೋಗುತ್ತಿದ್ದ ಅಂಗಿಯ ಕಡೆಗೆ ಓಡಿದ.

ಕಿಟಕಿಯ ಸಂದಿಯಿಂದ ಮಾಮ ಎಲ್ಲವನ್ನೂ ನೋಡುತ್ತಿದ್ದರು. ಹೆಂಡತಿ ಅವನಿಗೆ ಒಂದೊಂದು ಸಾಲನ್ನು ಹೇಳಿ ತೋರಿಸುವಾಗ ಬೀದಿಯಲ್ಲಿ ಹೋಗುವವರು ಕಾಲು ನಿಲ್ಲಿಸಿ, ತಮ್ಮ ಬಸ್ಸೇ ಬಂತೇನೋ ಎಂಬಂತೆ ತಿರುಗಿ ನೋಡುತ್ತಿದ್ದರು.

ಯಂತ್ರ ತಾನು ಮಾಡಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತದೆ ಎಂಬುದು ಮಾಮನಿಗೆ ಗೊತ್ತಿರಲಿಲ್ಲ, ಸೊಸೆಗೆ ಗೊತ್ತಿತ್ತು. ಬುಧವಾರ ಸಂಜೆ ಆಕೆ ಅದನ್ನು ನೋಡಿ, ಮಾವನನ್ನು ನೋಡಿ, ಕೈ ಕಟ್ಟಿ ನಿಂತಳು.

“ಮಾವ, ಕೊನೇ ಸಾಲೇ ಸತ್ಯ ಅಲ್ವಾ?”

“ಮೆಲ್ಲಗೆ, ಮೆಲ್ಲಗೆ!”

“ಅತ್ತೇ ಕಾಗದ ಅದು. ಅತ್ತೆ ಹೋಗದಿದ್ರೆ ಕೆಲಸ ಬೇರೆಯವರ ಪಾಲು. ಪಾಪ, ಆ ಪ್ಲಂಬರ್ ಹೋಗಿ ಅವಮಾನ ಪಟ್ಕೊಂಡು ಬರ್ತಾನೆ. ನೀವು ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಮ್ಮಾ. ನಾಳೆ ಬೆಳಿಗ್ಗೆ ಅವಳು ಏಳೋದೇ ತಡ.”

ಗುರುವಾರ ಬೆಳಿಗ್ಗೆ ಹೆಂಡತಿ ಎದ್ದಳು, ಸ್ನಾನ ಮಾಡಿದಳು, ತಿಂಡಿ ಬಡಿಸಿದಳು. ಮಾಮ “ಕೇಳೇ...” ಎಂದು ಶುರುಮಾಡಿ “ಉಪ್ಪು ಚೆನ್ನಾಗಿದೆ,” ಎಂದು ಮುಗಿಸಿದರು. ಎದುರು ನಿಂತು ಹೇಳುವುದು ತಮ್ಮ ಜಾತಕದಲ್ಲೇ ಇಲ್ಲವೆಂದು ಅರಿತು, ಯಂತ್ರದ ಮುಂದೆ ಕೂತು ಬರೆಯತೊಡಗಿದರು. ಹಿಂದಿನ ವಾರವಷ್ಟೇ ಸೊಸೆ ಅತ್ತೆಯ ಫೋನಿಗೂ ಟಪಾಲು ಬರುವಂತೆ ಮಾಡಿದ್ದಳು. ಆ ವಿಳಾಸ ಮಾಮನಿಗೆ ಗೊತ್ತಿರಲಿಲ್ಲ; ಸಂಘದ ವಿಳಾಸಕ್ಕೆ ಹಾಕಿದರೆ, ಮನೆಯವಳ ಕಾಗದವೆಂದು ಯಂತ್ರ ತಾನೇ ಅರಿತು ಆಕೆಗೆ ತಲುಪಿಸುತ್ತದೆ ಎಂಬುದು ಅವರ ಲೆಕ್ಕ.

“ನನ್ನವಳೇ,” ಎಂದು ಶುರುಮಾಡಿದರು. ನಿನ್ನ ಕಾಗದ ನನ್ನ ಕೈಯಿಂದಲೇ ದಾರಿ ತಪ್ಪಿತು. ಶಿಫಾರಸು ಎಂಬುದು ಶುದ್ಧ ಸುಳ್ಳು, ಅಧ್ಯಕ್ಷರು ಹೊಗಳಿದರೆಂದು ಸುಮ್ಮನಿದ್ದೆ. ಆ ಮನುಷ್ಯ ಹೊಗಳುವುದೇ ಅಪರೂಪ, ಜಿಪುಣ. ಮೈಕಿನ ಮುಂದೆ ನಿಲ್ಲಬೇಕಾದವಳು ನೀನು. ನಿನ್ನ ಧ್ವನಿ ಜೋರೆಂದು ಊರು ನಗಲಿ, ಅಡುಗೆಮನೆಯಿಂದ ಅದು ಕೇಳದಿದ್ದರೆ ನನಗೆ ಇದು ಯಾರ ಮನೆಯೋ ಅನ್ನಿಸುತ್ತದೆ. ಹೀಗೆಲ್ಲ ಬರೆದು, ಬರೆಯುತ್ತ ತಾವೇ ಕರಗಿ, ಕೊನೆಯ ಸಾಲಿನಲ್ಲಿ “ಇಂತಿ, ನಿನ್ನ ಪಾದದ ಧೂಳು” ಎಂದು ಸೇರಿಸಿ ಕಳಿಸಿಬಿಟ್ಟರು.

ಯಂತ್ರ ಕಾಗದವನ್ನು ತಂದಿತು. ಒಡೆಯ ಹೇಳಿಕೊಟ್ಟಂತೆ ಕೊನೆಯ ಸಾಲು ನೋಡಿತು. ನಲ್ಲಿಯಿಲ್ಲ, ಟ್ಯಾಂಕಿಲ್ಲ, ದೀಪವಿಲ್ಲ, ಬೈಗುಳವಿಲ್ಲ. ಪಾದದ ಧೂಳಿಗೆ ಯಾವ ನಿಯಮವೂ ಇರಲಿಲ್ಲ.

ಅಡುಗೆಮನೆಯ ಕಪಾಟಿನ ಮೇಲೆ ಟಿಂಗ್ ಎಂದಿತು. ಹೆಂಡತಿಯ ಫೋನು! ಆಕೆ ಅದನ್ನು ಅಲ್ಲೇ ಬಿಟ್ಟು, ಪ್ಲಂಬರ್‌ನನ್ನು ಕರೆದುಕೊಂಡು ನಿಲ್ದಾಣಕ್ಕೆ ಆಗಲೇ ಹೊರಟುಹೋಗಿದ್ದಳು. ಅಯ್ಯೋ ಎನ್ನುವಷ್ಟರಲ್ಲಿ ಪಕ್ಕದ ಮನೆಯಲ್ಲಿ ಟಿಂಗ್ ಎಂದಿತು. ಮಹಡಿಯ ಮೇಲೆ ಟಿಂಗ್. ಎದುರುಮನೆಯಲ್ಲಿ ಟಿಂಗ್, ಇಸ್ತ್ರಿ ಗಾಡಿಯಲ್ಲಿ ಟಿಂಗ್. ಬೀದಿಯ ಉದ್ದಕ್ಕೂ ಟಿಂಗ್ ಟಿಂಗ್ ಎನ್ನುತ್ತ ಆ ಸದ್ದು ದೂರ ದೂರ ಹೋಗಿ, ಅಧ್ಯಕ್ಷರ ಮನೆಯ ಹತ್ತಿರ ನಿಂತಿತು.

ಆಮೇಲೆ ಬೀದಿ ಮೌನವಾಯಿತು. ಜನ ಓದುತ್ತಿದ್ದರು.

ಮೊದಲು ಬಂದವನು ಇಸ್ತ್ರಿಯವನು. “ಮಾಮ, ಈ ಪಾದದ ಧೂಳು ಅಂದ್ರೆ ನೀವೇನಾ?”

ಎದುರುಮನೆಯಾಕೆ ತನ್ನ ಗಂಡನಿಗೆ ಹೇಳುವುದು ಸ್ಪಷ್ಟವಾಗಿ ಕೇಳಿಸಿತು. “ನೋಡಿ ಕಲೀರಿ! ಇಷ್ಟು ವರ್ಷದಲ್ಲಿ ನನಗೆ ಒಂದು ಸಾಲು ಬರೆದಿದ್ದೀರಾ?”

“ತಪ್ಪು ಮಾಡಿದ್ದಿದ್ರೆ ಬರೀತಿದ್ದೆ ಬಿಡೆ,” ಎಂದ ಗಂಡ.

ಮಾಮನ ಫೋನು ಹೊಡೆದುಕೊಂಡಿತು. ಅಧ್ಯಕ್ಷರು. “ಕಾರ್ಯದರ್ಶಿಗಳೇ, ಜಿಪುಣ ಅನ್ನೋ ಪದದ ಬಗ್ಗೆ ನಾವು ಕೂತು ಮಾತಾಡಬೇಕು.”

ಹೆದರಿದವನಿಗೆ ಕಾಲು ಓಡುತ್ತದೆಯೇ ಹೊರತು ತಲೆ ಓಡುವುದಿಲ್ಲ. ಮಾಮ ಒಂದು ಚೀಲಕ್ಕೆ ಎರಡು ಅಂಗಿ ತುರುಕಿ, ಹಿಂದಿನ ಬಾಗಿಲಿನಿಂದ ನುಸುಳಿ, ಅಕ್ಕನ ಊರಿನಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ಹೊರಟರು. ಅಕ್ಕನ ಊರಿಗೆ ಹೋಗಲು ಬಸ್ಸು ಹಿಡಿಯಬೇಕು. ಬಸ್ಸು ಹಿಡಿಯಲು ನಿಲ್ದಾಣಕ್ಕೇ ಹೋಗಬೇಕು. ಇದು ಅವರಿಗೆ ಹೊಳೆದದ್ದು ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತು, ಟಿಕೆಟ್ ತೆಗೆದುಕೊಂಡು, ಕಿಟಕಿಯಾಚೆ ಕಂಬದ ಮೇಲಿದ್ದ ಧ್ವನಿವರ್ಧಕವನ್ನು ನೋಡಿದಾಗ.

ಎದ್ದು ಇಳಿಯಬೇಕೆನ್ನುವಷ್ಟರಲ್ಲಿ ಅದು ಕರಕರ ಎಂದಿತು. ಯಾರೋ ಅಧಿಕಾರಿಯ ಧ್ವನಿ: “ಮೈಕ್ ಆನ್ ಆಗಿದೆಯಾ? ಇರಲಿ ಬಿಡಿ. ಏನಪ್ಪಾ, ಕಾಗದ ನಿನ್ನ ಹತ್ರ ಇದೆ ಸರಿ, ಅರ್ಜೀಲಿ ಹೆಂಗಸರ ಹೆಸರಿದೆಯಲ್ಲ?”

ಮಾಮ ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡರು.

“ಅದನ್ನೇ ಹೇಳೋಣ ಅಂತ ಬಂದೆ ಸಾರ್,” ಎಂದಿತು ಪ್ಲಂಬರ್‌ನ ಧ್ವನಿ. “ಬರ್ತಾ ದಾರೀಲಿ ಫೋನ್ ನೋಡ್ದೆ. ಅಮ್ಮನಿಗೆ ಮುಖ ಕೊಟ್ಟು ಹೇಳೋಕೆ ಧೈರ್ಯ ಸಾಲ್ಲಿಲ್ಲ. ಮೈಕಲ್ಲೇ ಹೇಳ್ತೀನಿ, ಕಲಿತದ್ದು ದಂಡ ಆಗಬಾರದು.” ಗಂಟಲು ಸರಿಮಾಡಿಕೊಂಡ ಸದ್ದು ನಿಲ್ದಾಣಕ್ಕೆಲ್ಲ ಕೇಳಿಸಿತು. “ಪ್ರಯಾಣಿಕರ ಗಮನಕ್ಕೆ. ನನಗೆ ಬಂದ ಕಾಗದ ನನ್ನದಲ್ಲ. ಅದು ನನ್ನ ಪಕ್ಕದಲ್ಲಿ ನಿಂತಿರುವ ಅಮ್ಮನವರದು. ಅವರ ಯಜಮಾನರು ಅದನ್ನು ತಪ್ಪಾಗಿ ವಿಂಗಡಿಸಿದ್ದಾರೆ. ಶಿಫಾರಸು ಯಾರೂ ಮಾಡಿಲ್ಲ. ಈ ವಿಷಯ ಇಡೀ ಬೀದಿಗೆ ತಿಳಿದಿದೆ, ಅಮ್ಮನವರೊಬ್ಬರನ್ನು ಬಿಟ್ಟು. ಅಡಚಣೆಗಾಗಿ ವಿಷಾದಿಸುತ್ತೇವೆ.”

ಒಂದು ಅಕ್ಷರ ಎಳೆಯಲಿಲ್ಲ, ಒಂದು ಮಾತು ಮೂಗಿಗೆ ಹೋಗಲಿಲ್ಲ. ಆ ಸಂಕಟದಲ್ಲೂ ಮಾಮನಿಗೆ, ಎಷ್ಟು ಚೆನ್ನಾಗಿ ಕಲಿಸಿದ್ದಾಳೆ ಎನ್ನಿಸಿತು.

ಡ್ರೈವರ್ ಬಂದು ಕೂತ. ಹೊರಡಪ್ಪಾ, ಹೊರಡು ಎಂದು ಮಾಮ ಒಳಗೊಳಗೇ ಬೇಡಿಕೊಂಡರು.

“ಕೊಡು ಇಲ್ಲಿ,” ಎಂದಿತು ಕಂಬ.

ಆಮೇಲೆ, “ಪ್ರಯಾಣಿಕರ ಗಮನಕ್ಕೆ!”

ನಿಲ್ದಾಣ ನಿಂತುಹೋಯಿತು. ಚಹಾ ಹೊಯ್ಯುತ್ತಿದ್ದವನ ಕೈ ಮೇಲೆಯೇ ಉಳಿಯಿತು. ಅಳುತ್ತಿದ್ದ ಮಗುವೊಂದು ಬಾಯಿ ಮುಚ್ಚಿ ತಾಯಿಯ ಮುಖ ನೋಡಿತು. ನಿದ್ದೆಹೋಗಿದ್ದ ಪ್ರಯಾಣಿಕನೊಬ್ಬ ಎದ್ದು, ಗಂಟು ಎತ್ತಿಕೊಂಡು, ತನ್ನ ಬಸ್ಸನ್ನು ಸರಿಯಾಗಿ ಹತ್ತಿದ.

“ಹೆದರಿದಾಗಲೆಲ್ಲ ಅಕ್ಕನ ಊರಿನ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂರುವ ಅಭ್ಯಾಸವಿರುವ, ಅಂಚೆ ಕಚೇರಿಯ ನಿವೃತ್ತ ಸಾರ್ಟರ್ ಅವರು ಎಲ್ಲಿದ್ದರೂ ಕೂಡಲೇ ಪ್ರಕಟಣೆಯ ಕೋಣೆಗೆ ಬರಬೇಕು.”

ಕಂಡಕ್ಟರ್ ನಿಧಾನವಾಗಿ ಹಿಂದಕ್ಕೆ ತಿರುಗಿದ. ಬಸ್ಸೆಲ್ಲ ಅವನ ಜೊತೆ ತಿರುಗಿತು.

“ಸ್ವಾಮೀ, ಪತ್ರಿಕೆ ತಲೆಕೆಳಗಾಗಿ ಹಿಡಿದಿದ್ದೀರಿ. ನಿಮ್ಮನ್ನೇ ಅಲ್ವಾ ಕರೀತಿರೋದು?”

“ನಾನಾ? ಛೆ ಛೆ, ನಾನಲ್ಲ.”

“ಅವರು ನಾನಲ್ಲ ಅನ್ನುತ್ತಾರೆ,” ಎಂದಿತು ಧ್ವನಿವರ್ಧಕ. “ಕಂಡಕ್ಟರ್ ಅವರು ನಂಬಬಾರದು.”

ಬಸ್ಸು ನಗೆಯಿಂದ ಅಲ್ಲಾಡಿತು. ಡ್ರೈವರ್ ಎಂಜಿನ್ ಆರಿಸಿ, “ಇಳೀರಿ ಯಜಮಾನ್ರೇ. ಅವರು ಬಿಡೋವರೆಗೂ ಈ ಬಸ್ಸು ಹೋಗೋಲ್ಲ,” ಎಂದ. ಅಷ್ಟರಲ್ಲಿ ಮೈಕಿನ ಹಿಂದಿನಿಂದ ಅಧಿಕಾರಿಯ ಧ್ವನಿ ಅವಸರವಸರವಾಗಿ ಕೇಳಿಸಿತು: “ಅಮ್ಮಾ, ನಾಳೆಯಿಂದಲೇ ಕೆಲಸಕ್ಕೆ ಬರ್ತೀರಾ?”

“ಬರ್ತೀನಿ ಸಾರ್. ಒಂದ್ನಿಮಿಷ ಇರಿ, ಇದು ಮುಗೀಲಿ.”

ಮಾಮ ಚೀಲ ಅವಚಿಕೊಂಡು ಕೆಳಗಿಳಿದರು. ಮುಖದ ಮೇಲೆ ಬಂದ ನಗುವನ್ನು ಎಲ್ಲಿಡುವುದೋ ತಿಳಿಯದೆ ತಲೆ ತಗ್ಗಿಸಿ, ಕಾಲು ಕರೆದ ಕಡೆ ನಾಲ್ಕು ಹೆಜ್ಜೆ ಹಾಕಿದರು.

“ಅದು ಹೊರಗಿನ ಗೇಟು. ಕೋಣೆ ಈ ಕಡೆ. ಬಲಕ್ಕೆ. ಹಾಂ, ಹಾಗೇ ನೇರ,” ಎಂದಿತು ಕಂಬ; ಪ್ರಕಟಣೆಯ ಕೋಣೆಯ ಕಿಟಕಿ ಇತ್ತ ಕಡೆಗೇ ಇತ್ತು. ಒಂದು ಕ್ಷಣ ಬಿಟ್ಟು, ಕೊಂಚ ಮೆತ್ತಗೆ, “ಅಂಗಿ ಗುಂಡಿ ಸರಿಮಾಡ್ಕೊಂಡು ಬನ್ನಿ. ಪ್ರಯಾಣಿಕರು ದಯವಿಟ್ಟು ಇವರಿಗೆ ದಾರಿ ಬಿಡಬೇಕು.”

ನಿಲ್ದಾಣದ ಜನರೆಲ್ಲ ಎರಡು ಸಾಲಾಗಿ ಸರಿದು ದಾರಿ ಬಿಟ್ಟರು.